ಖಾರ ಹತ್ತದ ಕೈ

ಸೃಷ್ಟಿ, ಸಮರ್ಥ, ಹೋದ ತಿಂಗಳು ಮನೆಯಲ್ಲಿ ನಡೆದ ಒಂದು ಮಾತು ನಿಮಗೆ ನೆನಪಿರಬಹುದು. ಸಮರ್ಥನಿಗೆ ಜ್ವರ ಬಂದಾಗ ನಿಮ್ಮಪ್ಪ ನಾಲ್ಕು ದಿನ ಕಚೇರಿಗೆ ರಜೆ ಹಾಕಿ ಮನೆಯಲ್ಲಿದ್ದ. ನಿಮ್ಮವ್ವನಿಗೆ ಬ್ಯಾಂಕಿನಲ್ಲಿ ಆಗ ರಜೆ ಸಿಗುವ ಹಾಗಿರಲಿಲ್ಲ. ನೋಡಲು ಬಂದ ನೆಂಟರೊಬ್ಬರು ಚಹಾ ಕುಡಿಯುತ್ತ, "ಏನಪಾ, ಬ್ಯಾಂಕಿಗೆ ಅಕಿ, ಗಂಜಿ ಕಾಸಾಕ ನೀನ?" ಎಂದರು. ಎಲ್ಲರೂ ನಕ್ಕರು. ನಿಮ್ಮಪ್ಪನೂ ನಕ್ಕ, ಆದರೆ ಅವನ ಕಿವಿ ಕೆಂಪಾಗಿದ್ದವು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಹೇಳಬೇಕಾದದ್ದು ನಾಲಿಗೆಯ ತುದಿಯವರೆಗೆ ಬಂದಿತ್ತು, ಹೊರಗೆ ಬರಲಿಲ್ಲ. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ, ಅದು ನಿಮಗೆ ಗೊತ್ತು. ನಿಮ್ಮಜ್ಜ ಇದ್ದಾಗ ನನ್ನ ಮಾತನ್ನೂ ಅವರೇ ಆಡುತ್ತಿದ್ದರು. ಈಗ ಅವರಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ.

ನಾನು ಹುಟ್ಟಿ ಬೆಳೆದ ಗುಡಗೇರಿಯ ಮನೆಯಲ್ಲಿ ಇದ್ದದ್ದೇ ಮೂರು ಭಾಗ. ಬಾಗಿಲು ದಾಟಿದರೆ ಎಮ್ಮೆ ಕಟ್ಟುವ ಜಾಗ, ಅದಕ್ಕಿಂತ ಮೊಳದಷ್ಟು ಎತ್ತರದಲ್ಲಿ ಪಡಸಾಲೆ, ಅದರ ಹಿಂದೆ ಅಡುಗೆಮನೆ ಮತ್ತು ಬಚ್ಚಲು. ಮೇಲೆ ಮಣ್ಣಿನ ಮಾಳಿಗೆ. ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಬಿಟ್ಟಿದ್ದ ಬೆಳಕಿಂಡಿಯಿಂದ ಬಿಸಿಲು ಕೋಲಿನ ಹಾಗೆ ಇಳಿದು ಬರುತ್ತಿತ್ತು. ಆ ಬಿಸಿಲು ಪಡಸಾಲೆಯ ಕಂಬಕ್ಕೆ ಬಂದಾಗ ನಾನು ಶಾಲೆಗೆ ಹೋಗಬೇಕು, ಬೀಸುಕಲ್ಲಿಗೆ ಬಂದಾಗ ಎಮ್ಮೆಗೆ ನೀರು ಇಡಬೇಕು. ಕಂಬಕ್ಕೆ ಬೆನ್ನು ಕೊಟ್ಟು ಆಯಿ ಕುಳಿತಿರುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ನಾನು ಹೇಳಹೊರಟ ಸಂಗತಿ ನಡೆಯುವ ಹಿಂದಿನ ವರ್ಷ ಮಾಳಿಗೆಯ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಕಾಲು ಹೋಗಿತ್ತು, ಬಾಯಿ ಹೋಗಿರಲಿಲ್ಲ. ಕುಳಿತಲ್ಲಿಂದಲೇ ಒಲೆಯ ಮೇಲಿನ ಪಲ್ಯ ಸೀದದ್ದನ್ನೂ, ಓಣಿಯಲ್ಲಿ ಯಾರ ಸೊಸೆ ತವರಿಗೆ ಹೋದಳೆಂಬುದನ್ನೂ ಹೇಳುತ್ತಿದ್ದಳು. ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ಮಲ್ಲಪ್ಪ, ನಾನು, ಮತ್ತು ಆರು ತಿಂಗಳ ಕೂಸು ಬಸು, ಹೀಗೆ ನಾವು ಮೂವರು ಮಕ್ಕಳು.

ಅವ್ವ ಸ್ಟೇಷನ್ನಿನ ಹತ್ತಿರದ ಮೆಣಸಿನಕಾಯಿ ವಖಾರಕ್ಕೆ ಕೂಲಿಗೆ ಹೋಗುತ್ತಿದ್ದಳು. ವಖಾರವೆಂದರೆ ಕಾಳುಕಡಿ, ಮೆಣಸಿನಕಾಯಿ ತುಂಬಿಡುವ ತಗಡಿನ ಚಾವಣಿಯ ದೊಡ್ಡ ಗೋದಾಮು. ಸುಗ್ಗಿಯ ನಂತರ ಅಲ್ಲಿ ಒಣ ಮೆಣಸಿನಕಾಯಿಯ ರಾಶಿ ಆಳೆತ್ತರ ಬೀಳುತ್ತಿತ್ತು. ಅದರ ಸುತ್ತ ಮೂವತ್ತು ನಲವತ್ತು ಹೆಂಗಸರು ಕುಳಿತು ಒಂದೊಂದೇ ಕಾಯಿಯ ತುಂಬು ಬಿಡಿಸಬೇಕು, ಅಂದರೆ ತೊಟ್ಟು ಮುರಿಯಬೇಕು. ಬೆಳಿಗ್ಗೆಯಿಂದ ಹೊತ್ತು ಇಳಿಯುವವರೆಗೆ ಅದೇ ಕೆಲಸ. ಆ ಖಾರ ಉಗುರಿನ ಸಂದಿಗೆ, ಅಂಗೈಯ ಗೆರೆಗೆ ಇಳಿದರೆ ನೀರಿಗೆ ಹೋಗುವುದಲ್ಲ. ಅವ್ವ ಮನೆಗೆ ಬಂದಾಗ ಹೊಸ್ತಿಲ ಹೊರಗೇ ನಿಂತು ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದಳು:

"ಯಾರೂ ಮುಟ್ಟಬ್ಯಾಡ್ರಿ! ಕೈ ಬೆಂಕಿ ಆಗ್ಯಾವ!"

ನಾನು ಹುಳಿ ಮಜ್ಜಿಗೆಯ ಗಡಿಗೆ ತಂದು ಅವಳ ಕೈ ಮೇಲೆ ಸುರಿಯಬೇಕು. ಆಮೇಲೆ ಕುಸುಬಿ ಎಣ್ಣೆ, ಆಮೇಲೆ ಬೂದಿ, ಮತ್ತೆ ನೀರು. ಇಷ್ಟಾದ ಮೇಲೂ ರೊಟ್ಟಿ ಬಡಿಯಲು ಒಲೆಯ ಮುಂದೆ ಕುಳಿತರೆ ಬೆಂಕಿಯ ಝಳಕ್ಕೆ ಉರಿ ಮತ್ತೆ ಏಳುತ್ತಿತ್ತು. ಎರಡು ರೊಟ್ಟಿಗೊಮ್ಮೆ ಅಂಗೈಗಳನ್ನು ತಣ್ಣೀರಿನ ಹಿತ್ತಾಳೆ ಕೊಡಕ್ಕೆ ಒತ್ತಿ ಹಿಡಿಯುತ್ತಿದ್ದಳು. ಆ ಕೊಡದ ಹೊಟ್ಟೆಯ ಮೇಲೆ ಅವಳ ಎರಡು ಕೈಗಳ ಗುರುತು ಸದಾ ಇರುತ್ತಿತ್ತು. ಅವ್ವ ನಮ್ಮ ಕೆನ್ನೆ ಸವರಿದ ನೆನಪು ನನಗೆ ಮಳೆಗಾಲದ್ದು ಮಾತ್ರ. ಬೇಸಿಗೆಯಲ್ಲಿ ಅವಳು ಮೊಣಕೈಯಿಂದ ನಮ್ಮನ್ನು ಹತ್ತಿರ ಎಳೆದುಕೊಳ್ಳುತ್ತಿದ್ದಳು.

ಬಸುವಿಗೆ ಇನ್ನೂ ಎದೆಹಾಲೇ ಊಟ, ಹಾಗಾಗಿ ಅವನನ್ನು ಆಯಿಯ ಹತ್ತಿರ ಬಿಡುವಂತಿರಲಿಲ್ಲ. ಅವನನ್ನು ಎತ್ತಿಕೊಂಡು ವಖಾರದ ಹೊರಗಿನ ಬೇವಿನ ಮರದ ಕೆಳಗೆ ಕೂರುವುದು ನನ್ನ ಕೆಲಸವಾಯಿತು. ಹಾಲು ಕುಡಿಸುವ ಹೊತ್ತಿಗೆ ಅವ್ವ ಹೊರಗೆ ಬಂದು ಗೋಡೆಗೆ ಒರಗಿ ಕುಳಿತು ಎರಡೂ ಕೈಗಳನ್ನು ಗಾಳಿಯಲ್ಲಿ ದೂರ ಹಿಡಿಯುತ್ತಿದ್ದಳು. ಸೆರಗು ಸರಿಸುವವಳು ನಾನು. ಕೂಸಿನ ತಲೆಯನ್ನು ಅವಳ ಎದೆಗೆ ಹಿಡಿಯುವವಳೂ ನಾನು. ತನ್ನ ಕೂಸನ್ನು ತಾನು ಮುಟ್ಟುವಂತಿಲ್ಲ. ನೋಡುತ್ತಿದ್ದಳು ಅಷ್ಟೇ. ನನಗೆ ಆಗ ಹನ್ನೊಂದು ವರ್ಷ. ಅವ್ವನಿಗೆ ಕೈಯಾಗಲು ಹೋಗಿ ನನ್ನ ಶಾಲೆ ನಿಂತಿತ್ತು. ಹಿಂದಿನ ವರ್ಷ ಆಯಿ ಬಿದ್ದಾಗ ಅವಳ ಸೇವೆಗೆಂದು ಬಿಡಿಸಿದ್ದರು, ಈ ವರ್ಷ ಕೂಸಿಗಾಗಿ. ಐದನೆಯ ಇಯತ್ತೆಯಲ್ಲಿ, ಅಂದರೆ ತರಗತಿಯಲ್ಲಿ, ಎರಡನೆಯ ಸಲ ಕುಳಿತಿದ್ದೆ, ಅದೂ ಅರ್ಧಕ್ಕೆ ನಿಂತಿತ್ತು. ಅಣ್ಣ ದಿನವೂ ಪಾಟಿಚೀಲ ಹಾಕಿಕೊಂಡು ನನ್ನ ಮುಂದೆಯೇ ಹೋಗುತ್ತಿದ್ದ. ಅವನನ್ನು ಕೂಸು ಹಿಡಿಯಲು ಕಳಿಸಬಹುದೆಂದು ಯಾರಿಗೂ ಹೊಳೆಯಲಿಲ್ಲ. ನಿಜ ಹೇಳುತ್ತೇನೆ, ನನಗೂ ಹೊಳೆದಿರಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಹಾಲು ಕುಡಿಸಲು ಹೆಂಗಸರು ಯಾವಾಗ ಬೇಕಾದರೂ ಏಳುವ ಹಾಗಿರಲಿಲ್ಲ. ವಖಾರದಲ್ಲಿ ಕೆಲಸ ನೋಡಿಕೊಳ್ಳುವವನಿಗೆ ಮುಕಾದಮ ಎನ್ನುತ್ತಿದ್ದೆವು. ಅವನು ಹಾಕಿದ ಕಟ್ಟಳೆ ಏನೆಂದರೆ, ಮಧ್ಯಾಹ್ನದ ಪ್ಯಾಸೆಂಜರ್ ಗಾಡಿ ಸ್ಟೇಷನ್ನಿಗೆ ಬಂದಾಗ ಬಾಣಂತಿಯರು ಏಳಬೇಕು, ಗಾಡಿ ಹೊರಟಾಗ ತಿರುಗಿ ಕೂರಬೇಕು. ಗಾಡಿ ಹೊತ್ತಿಗೆ ಸರಿಯಾಗಿ ಬಂದರೆ ಕೂಸಿಗೆ ಹೊತ್ತಿಗೆ ಹಾಲು. ಗಾಡಿ ತಡವಾದರೆ ಹಾಲೂ ತಡ. ಹುಬ್ಬಳ್ಳಿಯ ಕಡೆ ಎಲ್ಲೋ ಇಂಜಿನ್ ಕೆಟ್ಟು ನಿಂತರೆ ಗುಡಗೇರಿಯ ಬೇವಿನ ಮರದ ಕೆಳಗೆ ಬಸು ಅಳುತ್ತಿದ್ದ.

ಒಂದು ಗುರುವಾರ ನಮ್ಮ ಮಾಸ್ತರರು ಸೈಕಲ್ ಮೇಲೆ ಆ ದಾರಿಯಲ್ಲಿ ಬಂದವರು ನನ್ನನ್ನು ನೋಡಿ ಇಳಿದರು.

"ಏನ್ ನೀಲಾ, ಇದ ಏನ್ ನಿನ್ನ ಸಾಲಿ? ಹೋದ ವರ್ಷಾನೂ ಹಿಂಗ ಮಾಡ್ದಿ. ಸೋಮವಾರ ಬರಲಿಲ್ಲಂದ್ರ ಪಟ್ಟಿಯಾಗಿಂದ ಹೆಸರು ತಗೀತೀನಿ. ಆಮ್ಯಾಲ ನಿಮ್ಮಪ್ಪ ಬಂದು ಕೈ ಮುಗದ್ರೂ ನಾ ಸೇರಿಸಿಕೊಳ್ಳೂದಿಲ್ಲ."

 ಮಾಸ್ತರರು ಹೋದ ಮೇಲೆ ಬಸುವಿನ ತಲೆಯ ಮೇಲೆ ಗದ್ದ ಇಟ್ಟು ಅತ್ತೆ. ಅವ್ವ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂದು ನನಗೆ ಆಮೇಲೆ ಗೊತ್ತಾಯಿತು.

ಮರುದಿನ ಗಾಡಿ ಬರಲೇ ಇಲ್ಲ. ಬಸು ಅತ್ತು ಅತ್ತು ದನಿ ಬಿದ್ದಿತ್ತು. ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಅವ್ವನ ಪಾಲಿನ ರಾಶಿ ಬೇಗ ಮುಗಿದರೆ ಮುಕಾದಮ ಬೇಗ ಬಿಟ್ಟಾನು ಎಂದುಕೊಂಡು, ಅವಳ ಬುಟ್ಟಿಯಿಂದ ಬಾಗಿಲಾಚೆ ಚೆಲ್ಲಿದ್ದ ಕಾಯಿಗಳನ್ನು ಮರದ ಕೆಳಗೆ ತಂದು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತುಂಬು ಬಿಡಿಸತೊಡಗಿದೆ. ಒಂದು ಮೊರದಷ್ಟು ಬಿಡಿಸಿರಬೇಕು. ಬಸು ಮತ್ತೆ ಅತ್ತ. ಕಣ್ಣಲ್ಲಿ ನೀರು ಇಳಿಯಿತು. ಯಾವ ಅಕ್ಕನಾದರೂ ಮಾಡುವುದನ್ನೇ ನಾನು ಮಾಡಿದೆ, ಕಣ್ಣೀರು ಒರೆಸಿದೆ. ಬರಿಗೈಯಿಂದ.

ಅವನು ಕಿರುಚಿದ ಆ ದನಿ ಈಗಲೂ ನನಗೆ ಕೇಳುತ್ತದೆ. ಅವ್ವ ಕುಳಿತಲ್ಲಿಂದ ಹಾರಿ ಎದ್ದಳು. ಮುಕಾದಮ ಬಾಗಿಲಲ್ಲಿ ಕೈ ಅಡ್ಡ ಹಿಡಿದು, "ಗಾಡಿ ಬರಲಿ, ಗಂಗವ್ವಾ" ಎಂದ. ಅವ್ವ ತನ್ನ ಕೆಂಪಾದ ಅಂಗೈ ಅವನ ಮುಖದ ಹತ್ತಿರ ಹಿಡಿದಳು.  ಅವನು ತಾನಾಗಿಯೇ ಹಿಂದೆ ಸರಿದ. ಅವ್ವನ ಜೊತೆ ಕೂರುತ್ತಿದ್ದ ಹುಸೇನಬಿ ತನ್ನ ಬುತ್ತಿಯ ಮಜ್ಜಿಗೆ ತಂದು ಮೊದಲು ಅವ್ವನ ಕೈಗೆ, ಆಮೇಲೆ ನನ್ನ ಕೈಗೆ ಸುರಿದಳು. ಇನ್ನೊಬ್ಬಳು ಕೊಡದ ನೀರನ್ನು ಬಸುವಿನ ಕಣ್ಣಿಗೆ ಮತ್ತೆ ಮತ್ತೆ ಬಿಟ್ಟಳು. ಕಣ್ಣು ಉಳಿಯಿತು. ನಿಮ್ಮ ಬಸಣ್ಣ ಅಜ್ಜ ಇವತ್ತಿಗೂ ಕನ್ನಡಕವಿಲ್ಲದೆ ಪೇಪರ್ ಓದುತ್ತಾರೆ. ಆದರೆ ಆ ಹೊತ್ತು ನಾನು ಅವನನ್ನು ಕುರುಡ ಮಾಡಿದೆನೆಂದೇ ನಂಬಿದ್ದೆ. ಅವ್ವ ಹೊಡೆಯುತ್ತಾಳೆಂದು ಕಾದೆ. ಅವಳು ಹೊಡೆಯಲಿಲ್ಲ.

"ಕೂಸಿನ್ನ ಎತ್ತಿಕೋ. ನಿಮ್ಮಪ್ಪನ ಕಡೆ ಹೋಗೂಣು."

ಅಪ್ಪ ಪ್ಯಾಟೆಯ ಅರವಿ ಅಂಗಡಿಯ, ಅಂದರೆ ಬಟ್ಟೆ ಅಂಗಡಿಯ, ಕಟ್ಟೆಯ ಮೇಲೆ ತನ್ನ ಮಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದ. ಜಾಗ ಅಂಗಡಿಯ ಸಾವಕಾರರದು, ಮಷಿನ್ ಅಪ್ಪನದು. ವಖಾರದಿಂದ ಅಲ್ಲಿಗೆ ಎರಡೇ ಓಣಿ ದೂರ. ಅಪ್ಪ ಮಾತು ಕಡಿಮೆಯ ಮನುಷ್ಯ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದ, ಮಾತಾಡದಿರಲು ಅದೂ ಒಂದು ನೆವ. ಅವ್ವ ಹಗಲಿನಲ್ಲಿ ಆ ಅಂಗಡಿಗೆ ಹೋದವಳೇ ಅಲ್ಲ. ಅವತ್ತು ಗಿರಾಕಿಗಳ ನಡುವೆ ನುಗ್ಗಿ ಕಟ್ಟೆಯ ಮುಂದೆ ನಿಂತಳು. ಕೈ ಮೇಲೆಯೇ ಇದ್ದವು.

"ರೀ, ನಿಮ್ಮ ಕೈ ತೋರಸ್ರಿ."

ಅಪ್ಪನಿಗೆ ತಿಳಿಯಲಿಲ್ಲ. ಆದರೂ ಎರಡೂ ಅಂಗೈ ಚಾಚಿದ. ಸೂಜಿ ಚುಚ್ಚಿದ ಕಲೆ ಬಿಟ್ಟರೆ ಏನೂ ಇರಲಿಲ್ಲ.

"ನೋಡ್ರಿ, ಖಾರ ಇಲ್ಲ. ಮನಿಯಾಗ ಖಾರ ಇಲ್ಲದ ದೊಡ್ಡ ಕೈ ಅಂದ್ರ ಇವೆರಡ. ಅವನ್ನ ಬಿಟ್ಟು ಈ ಹುಡುಗೀ ಕೈಯಾಗ ಕೂಸು ಕೊಟ್ಟೀನಿ ನಾನು. ನಾಳಿಂದ ಕೂಸು ನಿಮ್ಮ ಬಾಜು ಇರತದ."

ಬಟ್ಟೆ ಅಳೆಯಿಸಲು ಬಂದಿದ್ದವನೊಬ್ಬ ನಕ್ಕ.

"ಏನೋ ಈರಪ್ಪಾ, ಇನ್ನ ಮ್ಯಾಲ ಹಾಲೂ ನೀನ ಕುಡಸ್ತೀ ಏನ?"

ಅಪ್ಪ ಬಾಯಿಂದ ಗುಂಡುಸೂಜಿ ತೆಗೆಯಲಿಲ್ಲ. ಕೆಳಗೆ ನೋಡಿದ. ನನಗೆ ಅಪ್ಪನ ಮೇಲೆ ಆ ಹೊತ್ತು ಬಂದಷ್ಟು ಸಿಟ್ಟು ಮತ್ತೆಂದೂ ಬಂದಿಲ್ಲ.

ಆ ಸಂಜೆ ಊಟಕ್ಕೆ ಕುಳಿತಾಗ ಜಗಳ ಆಯಿತು. ಜೋಳದ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ. ಆಯಿ ತನ್ನ ತಟ್ಟೆಯನ್ನು ಮುಂದಕ್ಕೆ ದೂಡಿದಳು.

"ಪ್ಯಾಟ್ಯಾಗ ನಿಂತು ಗಂಡಗ ಕೈ ತೋರ್ಸು ಅಂದೀ ಅಂತ? ಗಂಡಸು ಕೂಸು ಕಟಗೊಂಡು ಅಂಗಡ್ಯಾಗ ಕುಂದರತಾನೇನ? ಮಂದಿ ಏನಂದಾರು?"

"ಮಂದಿ ಕೈಯಾಗ ಖಾರ ಇಲ್ರಿ, ಅತ್ತಿ. ಇದ್ದಿದ್ರ ಬ್ಯಾರೆ ಮಾತಾಡ್ತಿದ್ರು."

"ನೀಲಾ ಹಿಡೀತಾಳಲ್ಲ. ಹೆಣ್ಣ ಹುಡುಗಿ, ಕಲೀಲಿ."

"ಅಕಿ ಸೋಮವಾರ ಸಾಲಿಗಿ ಹೋಗ್ತಾಳ."

"ಹಂಗಾದ್ರ ಮಲ್ಲ್ಯಾ ಹಿಡೀತಾನೇನ?" ಎಂದು ಆಯಿ ನಕ್ಕಳು. ಅದಕ್ಕಿಂತ ದೊಡ್ಡ ಚೇಷ್ಟೆ ಇಲ್ಲ ಎನ್ನುವಂತೆ ನಕ್ಕಳು. ಅಣ್ಣ ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಅವ್ವ ನಗಲಿಲ್ಲ.

"ಹಿಡೀಲಿ. ಅವನೂ ಇದ ಹೊಟ್ಟಿಯಾಗ ಬಂದಾನ. ನಾಳಿ ಬೆಳಿಗ್ಗಿ ನೀರು ಅವನ ತರಲಿ, ಎಮ್ಮಿ ಸೆಗಣೀನೂ ಅವನ ಬಳೀಲಿ. ಕೂಸು ಇವ್ರು ನೋಡ್ಲಿ. ಇಲ್ಲಾಂದ್ರ ನಾಳಿಂದ ನಾ ವಖಾರಕ್ಕ ಹೋಗೂದಿಲ್ಲ, ಎಲ್ಲಾರೂ ಕೂಡಿ ಹಸಗೊಂಡ ಕುಂದರೂಣು."

ಅಪ್ಪ ಊಟ ಮುಗಿಸಿ ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ಬಚ್ಚಲಿಗೆ ಹೋದ. ನಮ್ಮ ಮನೆಯಲ್ಲಿ ಗಂಡಸರು ತಮ್ಮ ತಟ್ಟೆ ತಾವೇ ಎತ್ತಿದ್ದು ಅದೇ ಮೊದಲು. ಆಯಿ ಅದನ್ನು ನೋಡಿ ಗೋಡೆಯ ಕಡೆ ಮುಖ ಮಾಡಿಕೊಂಡಳು.

ಶನಿವಾರ ಅಪ್ಪ ಬಸುವನ್ನು ಎತ್ತಿಕೊಂಡೇ ಅಂಗಡಿಗೆ ಹೋದ. ಹೊತ್ತಿಗೆ ಅವ್ವನ ಕಡೆ ಒಯ್ದು ಹಾಲು ಕುಡಿಸಲು ಇನ್ನೂ ನಾನು ಬೇಕಾಗಿತ್ತು, ಹಾಗಾಗಿ ಜೊತೆಗೆ ಹೋದೆ. ಹಳೆಯ ಧೋತ್ರದ ಜೋಳಿಗೆ ಮಾಡಿ ಕಟ್ಟೆಯ ಮೇಲಿನ ತೊಲೆಗೆ ಕಟ್ಟಿದ. ಒಂದು ವಿಚಿತ್ರ ಆಯಿತು. ಮಷಿನ್ ತಿರುಗುತ್ತಿದ್ದರೆ ಬಸು ನಿದ್ದೆ ಮಾಡುತ್ತಿದ್ದ, ಮಷಿನ್ ನಿಂತರೆ ಎದ್ದು ಅಳುತ್ತಿದ್ದ. ಅಪ್ಪ ಕತ್ತರಿ ಹಿಡಿಯುವಂತಿಲ್ಲ, ದಾರ ಪೋಣಿಸುವಂತಿಲ್ಲ. ಒಂದು ಅಂಗಿಯ ತೋಳಿಗೆ ಮೂರು ಸಲ ಹೊಲಿಗೆ ಹಾಕಿದ, ಕೂಸು ಏಳಬಾರದೆಂದು. ಅವತ್ತು ಸಂತೆ. ಹಾದುಹೋದವರೆಲ್ಲ ನಿಂತು ನೋಡಿದರು. ಈರಪ್ಪ ಅಲ್ಲ, ಈರವ್ವ ಎಂದರು. ಅಪ್ಪ ತುಳಿಯುತ್ತಲೇ ಇದ್ದ. ಮಧ್ಯಾಹ್ನ ಬಸುವನ್ನು ಜೋಳಿಗೆಯಿಂದ ಎತ್ತಿ ಕಟ್ಟೆಯ ಮೇಲೆ ಮಲಗಿಸಿದಾಗ ಒಬ್ಬರ ಹೊಸ ಅಂಗಿಯ ಬಟ್ಟೆಯ ಮೇಲೆ ಉಚ್ಚೆ ಹೊಯ್ದುಬಿಟ್ಟ. ಸಾವಕಾರರು ಗಾದಿಯಿಂದ ಎದ್ದು ಬಂದರು.

"ಈರಪ್ಪಾ, ಇದು ಅರವಿ ಅಂಗಡಿ, ಬಾಣಂತಿ ಖೋಲಿ ಅಲ್ಲ. ಜೋಳಿಗಿ ಬಿಚ್ಚು. ಇಲ್ಲಾ ಮಷಿನ್ ತಗಿ."

 ಅಪ್ಪ ಬಾಯಿಯ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ. ನಾನು ಎಣಿಸುತ್ತ ನಿಂತಿದ್ದೆ, ಐದು ಇದ್ದವು.

"ಮಷಿನ್ ನಂದರಿ ಸಾವಕಾರ್ರ. ಕೂಸೂ ನಂದ."

ಅಷ್ಟೇ ಮಾತು. ಉಚ್ಚೆಯಾದ ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿ ಕೊಡುವುದಾಗಿ ಗಿರಾಕಿಗೆ ಹೇಳಿ, ಕೈಗಾಡಿ ತರಿಸಿ, ಮಷಿನ್ ಹೇರಿಕೊಂಡು ಮನೆಗೆ ಬಂದ. ಬಸುವನ್ನು ಎತ್ತಿಕೊಂಡು ಹಿಂದೆ ನಡೆಯುತ್ತ ನಾನು ಯಾರ ಮುಖವನ್ನೂ ನೋಡಲಿಲ್ಲ. ಸೊಕ್ಕಿನಿಂದ ಅಲ್ಲ, ನಾಚಿಕೆಯಿಂದ. ಆದರೆ ಕಾಲು ಮಾತ್ರ ಜೋರಾಗಿ ಇಡುತ್ತಿದ್ದೆ.

ಭಾನುವಾರ ಇಡೀ ದಿನ ಅಪ್ಪ ಬೆಳಕಿಂಡಿಯ ಬಿಸಿಲಿನಲ್ಲಿ ಕುಳಿತು ಏನೋ ಕತ್ತರಿಸುತ್ತಿದ್ದ. ಕುಪ್ಪಸ ಹೊಲಿದು ಉಳಿದ ಖಣದ ತುಂಡುಗಳು ಅವನ ಹತ್ತಿರ ಗಂಟುಗಟ್ಟಲೆ ಇದ್ದವು. ಅವ್ವನನ್ನು ಕರೆದು ಅವಳ ಅಂಗೈಯನ್ನು ಬಟ್ಟೆಯ ಮೇಲೆ ಇಟ್ಟು ಸುಣ್ಣದ ಕಡ್ಡಿಯಿಂದ ಗೆರೆ ಎಳೆದ. ಬೆರಳಿಲ್ಲದ ಕೈಚೀಲ, ಹೆಬ್ಬೆರಳಿಗೆ ಮಾತ್ರ ಬೇರೆ ಮನೆ, ಮಣಿಕಟ್ಟಿಗೆ ಲಾಡಿ. ಖಾರದ ಕೈ ಒಳಗೆ ಉಳಿಯುತ್ತದೆ, ಹೊರಗೆ ಬಟ್ಟೆ ಶುದ್ಧ. ಎರಡು ದಿನದಿಂದ ಅವ್ವನ ಜೊತೆ ಮಾತು ಬಿಟ್ಟಿದ್ದ ಆಯಿ ಕಂಬದ ಬುಡದಿಂದ ಎಲ್ಲ ನೋಡುತ್ತಿದ್ದಳು. ಕೊನೆಗೆ ತಲೆದಿಂಬಿನ ಕೆಳಗಿನಿಂದ ತನ್ನ ಹಳೆಯ ಮೆತ್ತನೆಯ ಸೀರೆಯ ತುಂಡು ಎಳೆದು ಮಗನ ಕಡೆ ಎಸೆದಳು.

"ಖಣ ಗಡಸ ಇರತದ, ಕೂಸಿನ ಮೈ ಕೆತ್ತತದ. ಮ್ಯಾಲ ಇದನ್ನ ಹಚ್ಚು. ಅಕಿಗೆ ಅಂತ ಕೊಟ್ಟಿಲ್ಲ ಮತ್ತ, ಕೂಸಿಗೆ."

ಸೋಮವಾರ ನಾನು ಶಾಲೆಗೆ ಹೋದೆ. ಮಾಸ್ತರರು ನನ್ನ ಹೆಸರು ಕೂಗಿದರು, ನನಗೆ ದನಿ ಹೊರಡಲಿಲ್ಲ, ಕೈ ಎತ್ತಿದೆ. ಮಧ್ಯಾಹ್ನದ ಸೂಟಿಯಲ್ಲಿ ಓಡುತ್ತ ವಖಾರಕ್ಕೆ ಬಂದೆ. ಅವ್ವನ ಕೈಯಾಗುವವರು ಯಾರು ಎಂಬ ಚಿಂತೆ ನನಗೆ. ಅಪ್ಪ ಬೇವಿನ ಮರದ ಕೆಳಗೆ ಮಷಿನ್ ಹೂಡಿದ್ದ, ಕೊಂಬೆಗೆ ಜೋಳಿಗೆ, ಬಾಜುಗೆ ತುಂಡು ಬಟ್ಟೆಗಳ ಒಂದು ಪರದೆ. ಖಾರದ ಘಾಟಿಗೆ ಎರಡು ಹೊಲಿಗೆಗೊಮ್ಮೆ ಸೀನುತ್ತಿದ್ದ. ನಾನು ನಿಂತು ನೋಡುತ್ತಿದ್ದ ಹಾಗೆ ಮಷಿನ್ ನಿಲ್ಲಿಸಿದ. ಬಸು ಎದ್ದ. ಅವ್ವ ಒಳಗಿನಿಂದ ಎದ್ದು ಬಂದಳು. ಗಾಡಿಯ ಸುಳಿವೇ ಇರಲಿಲ್ಲ.

"ಗಾಡಿ ಬಂದಿಲ್ಲ, ಗಂಗವ್ವಾ" ಎಂದ ಮುಕಾದಮ.

"ಗಾಡಿ ಬಂದಿಲ್ರಿ, ನನ್ನ ಎದಿಗೆ ಹಾಲ ಬಂದೈತಿ. ಇವೆರಡ್ರಾಗ ಯಾವುದನ್ನ ನೀವು ತಡೀತೀರಿ ಹೇಳ್ರಿ."

ಒಳಗೆ ಹೆಂಗಸರು ಗೊಳ್ಳೆಂದು ನಕ್ಕರು. ಅವನ ಮುಖ ರಾಶಿಯ ಬಣ್ಣಕ್ಕೆ ತಿರುಗಿತು.

"ಹಂಗಾದ್ರ ನಾಳಿಂದ ಬರಬ್ಯಾಡ."

"ನಾನೂ ಬರೂದಿಲ್ಲ" ಎಂದಳು ಹುಸೇನಬಿ ಕುಳಿತಲ್ಲಿಂದಲೇ. "ನೀವ ಕುಂತು ತುಂಬು ಬಿಡಸ್ರಿ, ಮುಕಾದಮರ. ಆಮ್ಯಾಲ ಮನಿಗೆ ಹೋಗಿ ಮೊಮ್ಮಗನ ಕೆನ್ನಿ ಸವರ್ರಿ, ಅಂವಾ ಏನಂತಾನ ಕೇಳೂಣು."

 ಒಳಗೆ ಎಲ್ಲ ಹೆಂಗಸರ ಕೈಗಳು ನಿಂತಿದ್ದವು. ಅಷ್ಟು ಜನ ಒಮ್ಮೆಲೇ ತುಂಬು ಮುರಿಯುವುದನ್ನು ನಿಲ್ಲಿಸಿದರೆ ವಖಾರ ಎಷ್ಟು ಸುಮ್ಮನಾಗುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಮುಕಾದಮ ಆಳೆತ್ತರದ ರಾಶಿಯನ್ನೊಮ್ಮೆ ನೋಡಿದ, ಬೀಡಿ ಹಚ್ಚಿಕೊಂಡು ಹಿಂದಿನ ಬಾಗಿಲ ಕಡೆ ಹೋದ. ಅವನು ತನ್ನ ಕಟ್ಟಳೆಯನ್ನು ಬಾಯಿಬಿಟ್ಟು ತೆಗೆದುಹಾಕಲಿಲ್ಲ. ಅಷ್ಟರಲ್ಲಿ ಅವ್ವ ಪರದೆಯ ಹಿಂದೆ ಕುಳಿತು ಎರಡೂ ಕೈಗೆ ಚೀಲ ಹಾಕಿಕೊಂಡಿದ್ದಳು. ಹುಸೇನಬಿ ಎದ್ದು ಬಂದು ಹಲ್ಲಿನಿಂದ ಲಾಡಿ ಎಳೆದು ಕಟ್ಟಿದಳು. ಅಪ್ಪ ಪರದೆಯ ಅಂಚಿನಿಂದ ಕೂಸನ್ನು ಚಾಚಿದ. ಅವ್ವ ಎರಡೂ ಕೈ ನೀಡಿ ತನ್ನ ಕೂಸನ್ನು ತಾನೇ ಎತ್ತಿಕೊಂಡಳು. ಆ ಬಟ್ಟೆಯ ಕೈಯಿಂದ ಅವನ ತಲೆ ಸವರಿದಳು, ಕಿವಿ ಸವರಿದಳು, ಅಂಗಾಲು ಸವರಿದಳು, ಹಾಲು ಕುಡಿಸುವುದನ್ನೇ ಮರೆತವಳ ಹಾಗೆ. ನಾನು ಪರದೆಯ ಈಚೆ ನಿಂತಿದ್ದೆ. ನನ್ನಿಂದ ಯಾರಿಗೂ ಏನೂ ಬೇಕಾಗಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಅದನ್ನು ಮುಚ್ಚಿಡುವುದಿಲ್ಲ.

"ಏನ್ ಬೇ ನೋಡ್ಕೋತ ನಿಂತಿ? ಸಾಲಿ ಗಂಟಿ ಹೊಡೀತದ, ಓಡು!" ಎಂದಳು ಅವ್ವ.

ಓಡಿದೆ.

ಎಲ್ಲವೂ ಸರಿಹೋಯಿತೆಂದು ನಾನು ಬರೆದರೆ ಸುಳ್ಳಾಗುತ್ತದೆ. ಗಂಡಸರು ಅಪ್ಪನಿಗೆ ಅಂಗಿ ಹೊಲಿಯಲು ಕೊಡುವುದನ್ನು ಬಿಟ್ಟರು. ಖಾರದ ಘಾಟು ಹಿಡಿದ ಅಂಗಿ ತೊಟ್ಟರೆ ಸೀನು ಬರುತ್ತದೆ ಎಂದು ನೆವ ಹೇಳಿದರು. ವಖಾರದ ಹೆಂಗಸರು ಕುಪ್ಪಸ ಕೊಟ್ಟರು, ಅದರಿಂದ ಮನೆ ನಡೆಯಿತು. ಕೈಚೀಲದ ಈರಪ್ಪ ಎಂಬ ಹೆಸರು ಅಪ್ಪನಿಗೆ ಸಾಯುವವರೆಗೂ ಹೋಗಲಿಲ್ಲ. ಮರುವರ್ಷದ ಸುಗ್ಗಿಗೆ ಆ ಮರದಲ್ಲಿ ನಾಲ್ಕು ಜೋಳಿಗೆ ತೂಗಿದವು. ಮಷಿನ್ ನಿಂತಿತೆಂದರೆ ಒಂದು ಕೂಸು ಎದ್ದಿದೆ ಎಂದು ಒಳಗಿದ್ದವರಿಗೆ ತಿಳಿಯುತ್ತಿತ್ತು, ಯಾರ ಕೂಸೋ ಅವರು ಏಳುತ್ತಿದ್ದರು. ರೈಲು ತನ್ನ ಪಾಡಿಗೆ ಬಂದು ಹೋಗುತ್ತಿತ್ತು. ನಾನು ಐದನೆಯದನ್ನು ಪಾಸು ಮಾಡಿ ಏಳರವರೆಗೆ ಓದಿದೆ. ಆಮೇಲೆ ಬಿಡಿಸಿದರು. ಆ ಜಗಳದಲ್ಲಿ ಅವ್ವ ಸೋತಳು, ಅದಕ್ಕಾಗಿ ಅವಳು ಕೊನೆಯವರೆಗೂ ಯಾರನ್ನೂ ಕ್ಷಮಿಸಲಿಲ್ಲ. ಆದರೂ ಈ ಹಾಳೆಗಳ ಮೇಲಿನ ಅಕ್ಷರ ಆ ಸೋಮವಾರದ್ದು. ಅವತ್ತು ಪಟ್ಟಿಯಿಂದ ನನ್ನ ಹೆಸರು ಹೋಗಿದ್ದರೆ ನಿಮಗೆ ಇದನ್ನು ಯಾರು ಬರೆಯುತ್ತಿದ್ದರು?

ಹಾಗಾಗಿ ಸಮರ್ಥ, ನಿನಗೆ ಗಂಜಿ ಕಾಸಿದ ನಿಮ್ಮಪ್ಪನನ್ನು ನೋಡಿ ಯಾರಾದರೂ ನಕ್ಕರೆ ನೀನು ಜೊತೆಗೆ ನಗಬೇಡ. ಸೃಷ್ಟಿ, ನಾಳೆ ನೀನು ಕೆಲಸಕ್ಕೆ ಹೋಗುವಲ್ಲಿ ಯಾರಾದರೂ ಗಾಡಿ ಬರಲಿ ಎಂದರೆ ಕಾಯುತ್ತ ಕೂರಬೇಡ. ಆ ನೆಂಟರು ಮತ್ತೆ ಬರುತ್ತಾರೆ, ಹಬ್ಬ ದೂರವಿಲ್ಲ. ಈ ಸಲ ನಾನು ಬಾಗಿಲ ಹಿಂದೆ ನಿಲ್ಲುವುದಿಲ್ಲ. ಚಹಾದ ಕಪ್ಪಿನ ಪಕ್ಕದಲ್ಲಿ ಅವ್ವನ ಕೈಚೀಲ ತಂದು ಅವರ ಮುಂದೆ ಇಡುತ್ತೇನೆ. ಇದೇನು ಎಂದು ಕೇಳಿಯೇ ಕೇಳುತ್ತಾರೆ. ನನಗೆ ದನಿ ಹೊರಡದಿದ್ದರೆ ಈ ಹಾಳೆಗಳನ್ನು ನೀವಿಬ್ಬರೂ ಗಟ್ಟಿಯಾಗಿ ಓದಿ.

ಒಂದೇ ಕೈಚೀಲ ಉಳಿದಿದೆ, ಎಡಗೈಯದು. ಅದನ್ನೂ ಈ ಹಾಳೆಗಳನ್ನೂ ನನ್ನ ಟ್ರಂಕಿನಲ್ಲಿ ಒಟ್ಟಿಗೆ ಇಡಿ, ಬೇರೆ ಮಾಡಬೇಡಿ. ಹುಳ ಹತ್ತದ ಹಾಗೆ ನಡುವೆ ನಾಲ್ಕು ಒಣ ಮೆಣಸಿನಕಾಯಿ ಹಾಕಿರುತ್ತೇನೆ, ವರ್ಷಕ್ಕೊಮ್ಮೆ ಬದಲಿಸಿ. ತೆಗೆದು ಓದಿದ ಮೇಲೆ ಮಾತ್ರ ಕೈ ಚೆನ್ನಾಗಿ ತೊಳೆದುಕೊಳ್ಳಿ. ನಾಳೆ ಮನೆಯಲ್ಲಿ ಕೂಸು ಅತ್ತರೆ ಎತ್ತಿಕೊಳ್ಳಬೇಕಾಗುತ್ತದೆ. ಸಮರ್ಥ, ನಿನಗೂ ಹೇಳುತ್ತಿದ್ದೇನೆ.